ಕಾಟಾ ಎರಡರ ಬೀಗ

ಉಜ್ವಲಾ ಮಗದೂಮಳಿಗೆ ಯಂತ್ರಗಳ ಮೇಲೆ ಎಂದೂ ಸಿಟ್ಟು ಬರುತ್ತಿರಲಿಲ್ಲ, ಮನುಷ್ಯರ ಮೇಲೆ ಬರುತ್ತಿತ್ತು. ಕೊಲ್ಹಾಪುರದಾಚೆಯ ಆ ಸಕ್ಕರೆ ಕಾರ್ಖಾನೆಗೆ ಹರೆಯದಲ್ಲಿ ವಿಷುವಲ್ ಬೇಸಿಕ್‌ನಲ್ಲಿ ಬರೆದುಕೊಟ್ಟ, ಕಬ್ಬಿನ ತೂಕವನ್ನೂ ನೌಕರರ ದಾಖಲೆಯನ್ನೂ ಇಡುವ ಪ್ರೋಗ್ರಾಮನ್ನು ನಡುವಯಸ್ಸಿನಲ್ಲೂ ಅವಳೇ ಸಾಕುತ್ತಿದ್ದಳು. ಹೊಸದು ತರಿಸಿ ಎಂದರೆ ಆಡಳಿತದವರು ಓಡುವಷ್ಟು ದಿನ ಓಡಲಿ ಎನ್ನುತ್ತಿದ್ದರು. ಅದು ನಿಂತಾಗೆಲ್ಲ ಅವಳ ಸ್ಕೂಟರ್ ಗೇಟಿನೊಳಗೆ ಬರಲೇಬೇಕು. ಅವಳು ಗೊಣಗುತ್ತಲೇ ಬರುತ್ತಿದ್ದಳು. ಒಳಗೊಳಗೆ ಹೆಮ್ಮೆಯೂ ಇತ್ತು.

ಆ ಮೇ ತಿಂಗಳಲ್ಲಿ ಕೈಕೊಟ್ಟದ್ದು ಒಂದೇ ಒಂದು ದಾಖಲೆ. ಕಬ್ಬಿನ ಗಾಡಿ ತೂಗುವ ಕಾಟಾದ ಆಪರೇಟರ್ ಮಧುಕರ ಚೌಗುಲೆ ಕಬ್ಬು ಅರೆಯುವ ಹಂಗಾಮು ಮುಗಿಯುವ ಮೊದಲೇ ಎದೆನೋವಿನಿಂದ ತೀರಿಕೊಂಡಿದ್ದ. ಅವನ ದಾಖಲೆಯಲ್ಲಿ ‘ಮೃತ’ ಎಂದು ತುಂಬಿದರಷ್ಟೇ ಹೆಂಡತಿ ಶೇವಂತಾಗೆ ಅವನ ಬದಲಿಗೆ ನೌಕರಿಯ ಆದೇಶ ಹೊರಡುತ್ತಿತ್ತು. ಇಲ್ಲದಿದ್ದರೆ ತಿಂಗಳ ಕೊನೆಗೆ ಅವಳು ಕ್ವಾರ್ಟರ್ಸ್ ಬಿಡಬೇಕು. ಆ ಒಂದು ಪದ ಮಾತ್ರ ಒಳಗೆ ಹೋಗಲೊಲ್ಲದು.

“ನೀವs ನೋಡ್ರಿ ಮ್ಯಾಡಮ್, ನಾ ಇನ್ನ ಮುಟ್ಟಂಗಿಲ್ಲ,” ಎಂದು ಗುಮಾಸ್ತ ಹಿಂದುರಾವ್ ಕುರ್ಚಿ ಬಿಟ್ಟು ದೂರ ನಿಂತ.

ಪರದೆಯ ಮೇಲಿತ್ತು: ಬದಲಿಸಲಾಗದು. ಈ ದಾಖಲೆಗೆ ಬೀಗ ಬಿದ್ದಿದೆ. ಬೀಗ ಹಾಕಿದವರು: ಮಧುಕರ. ಯಂತ್ರ: ಕಾಟಾ ೨.

“ತಾ ಸತ್ತೇನಿ ಅಂತ ಬರೀಲಿಕ್ಕೆ ತಾನs ಬಿಡವಲ್ಲ ನೋಡ್ರಿ.”

“ಸುಮ್ಮನಿರ್ರಿ ಹಿಂದುರಾವ್. ಪೂಜಾರಿನ್ನ ಕರಿಸಿಲ್ಲ, ನನ್ನ ಕರಿಸೀರಿ.”

ಹಾಗಂದು ಅವಳು ತಾನೇ ಕುರ್ಚಿಯಲ್ಲಿ ಕೂತಳು. ಬೇರೆ ನೌಕರರ ದಾಖಲೆಗಳನ್ನು ತಿದ್ದಿ ನೋಡಿದಳು, ಸರಾಗವಾಗಿ ತಿದ್ದಲು ಬಂತು. ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಬಂದ್ ಮಾಡಿ ಒಂದನ್ನೇ ಉಳಿಸಿದಳು. ಮತ್ತೆ ಅದೇ ಬೀಗ, ಅದೇ ಹೆಸರು. ಕಾಟಾದ ಕೋಣೆಗೆ ಹೋದರೆ ಎರಡನೇ ಯಂತ್ರದ ಮೇಜು ಖಾಲಿ. ಯಂತ್ರವಿದ್ದ ಚೌಕದ ಮೇಲೂ ಧೂಳು ಕೂತಿತ್ತು. ಮರಳಿ ಬಂದು, ಇದ್ದೀಯಾ ಎಂದು ತಂತಿಯ ಮೇಲೆ ಕೇಳುವ ಸಣ್ಣ ಆಜ್ಞೆಯೊಂದನ್ನು ಕಾಟಾ ಎರಡರ ಹೆಸರಿಗೆ ಕಳಿಸಿದಳು.

ಇದ್ದೇನೆ ಎಂದು ತಕ್ಷಣ ಉತ್ತರ ಬಂತು. ಹಿಂದುರಾವ್ ಬಾಗಿಲ ಹೊರಗೆ ಹೋಗಿ ನಿಂತುಬಿಟ್ಟ.

ಉತ್ತರ ಬಂದರೆ ದಾರಿಯೂ ಇರಬೇಕು. ಎಲ್ಲ ಕೇಬಲ್ಲುಗಳು ಕೂಡುವ ಪೆಟ್ಟಿಗೆಯಲ್ಲಿ ಒಂದು ಹೆಚ್ಚಿನದಿತ್ತು, ಗೋಡೆ ಕೊರೆದು ಹೊರಗೆ ಹೋಗಿತ್ತು. ಉಜ್ವಲಾ ಅದರ ಬೆನ್ನು ಹತ್ತಿದಳು. ಅದು ಗಾಣದ ಮನೆಯೊಳಗೆ ಹೊಕ್ಕಿತು. ಹಂಗಾಮಿನಲ್ಲಿ ಕಿವಿ ಕಿವುಡಾಗುವ ಜಾಗ, ಈಗ ಅವಳ ಚಪ್ಪಲಿಯ ಸದ್ದನ್ನೇ ತಡವಾಗಿ ಅವಳಿಗೆ ಒಪ್ಪಿಸುತ್ತಿತ್ತು. ಯಾರೋ ಹಿಂದೆ ಬರುತ್ತಿದ್ದಾರೆಂದು ಅವಳು ತಿರುಗಿ ನೋಡಿದಳು. ಹುಳಿತ ಕಬ್ಬಿನ ಹಾಲಿನ ನಾತ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಕೇಬಲ್ಲು ಆ ಬದಿಯ ಕಿಂಡಿಯಿಂದ ಹೊರಬಿದ್ದು, ಕಾಂಪೌಂಡು ದಾಟಿ, ಒಂದು ಕ್ವಾರ್ಟರ್ಸಿನ ಕಿಟಕಿಯೊಳಗೆ ಇಳಿದಿತ್ತು.

ಬಾಗಿಲು ತೆರೆದವಳು ಶೇವಂತಾ. ಆಗ ಉಜ್ವಲಾಗೆ ನೆನಪಾಯಿತು. ಕಾಲು ಮುರಿದುಕೊಂಡ ವರ್ಷ ಮಧುಕರ ಕಾಟಾದ ಎರಡನೇ ಯಂತ್ರ ತರಿಸಿಕೊಂಡು, ಕೇಬಲ್ಲು ಎಳೆಸಿ, ಮನೆಯಿಂದಲೇ ತೂಕದ ಲೆಕ್ಕ ಬರೆದಿದ್ದ. ಯಂತ್ರವನ್ನು ಮರಳಿ ಕೇಳಲು ಯಾರಿಗೂ ನೆನಪಾಗಿರಲಿಲ್ಲ.

ಒಳಗೆ ಮೇಜಿನ ಮೇಲೆ ಕಾಟಾ ಎರಡು ಗುಂಯ್‌ಗುಡುತ್ತಿತ್ತು. ಪರದೆಯ ತುಂಬ ಮಧುಕರನ ಮುಖ. ನೌಕರನ ದಾಖಲೆಯಲ್ಲಿ ‘ತಿದ್ದು’ ಒತ್ತಿದರಷ್ಟೇ ಫೋಟೋ ಅಷ್ಟು ದೊಡ್ಡದಾಗುವಂತೆ ಉಜ್ವಲಾಳೇ ಮಾಡಿಟ್ಟಿದ್ದಳು. ಹಾಗೆ ತೆರೆದಿಟ್ಟ ದಾಖಲೆಯನ್ನು ಇನ್ನೊಬ್ಬರು ಮುಟ್ಟಲಾಗದು. ಮುಖದ ಮುಂದೆ ಕೆನೆಗಟ್ಟಿದ ಚಹಾದ ಕಪ್ಪಿತ್ತು.

“ಕರೆಂಟ್ ಹೋದ್ರ ಹೋಗ್ತಾರ, ಅಕ್ಕಾರ. ಬಂದ ಕೂಡ್ಲೆ ನಾ ಮತ್ತ ಕರೀತೀನಿ,” ಎಂದಳು ಶೇವಂತಾ.

“ವೈನಿ, ಇವರನ್ನ ಹಿಂಗ ತೆರೆದಿಟ್ರ ಅಲ್ಲಿ ಬರೀಲಿಕ್ಕೆ ಬರಂಗಿಲ್ಲ. ನಿಮ್ಮ ನೌಕರಿ ನಿಂತಿದ್ದು ಇದಕ್ಕs,” ಎಂದಳು ಉಜ್ವಲಾ. ಮಧುಕರನನ್ನು ಅಣ್ಣ ಎನ್ನುತ್ತಿದ್ದ ಅವಳಿಗೆ ಶೇವಂತಾ ಅತ್ತಿಗೆಯೇ.

“ಹಿಂದುರಾವ್ ಹೇಳ್ಯಾನ, ಸತ್ತಾರಂತ ಬರಿಯಾಕ ಅವರು ಬಿಡವಲ್ಲರಂತ.” ಶೇವಂತಾ ಸೆರಗಿನಿಂದ ಗಾಜು ಒರೆಸಿದಳು. “ನಂಗ ಭಾಳ ಖುಷಿ ಆತು.”

ಪೆಟ್ಟಿಗೆಯಲ್ಲಿ ಕೇಬಲ್ಲು ಕಿತ್ತರೆ ಬೀಗ ತಾನೇ ತೆರೆಯುತ್ತಿತ್ತು. ಉಜ್ವಲಾಗೆ ಮನಸ್ಸು ಬರಲಿಲ್ಲ.

“ಮನಿ ಹೋದ್ರ ಇವರನ್ನ ಎಲ್ಲಿ ಕರೀತೀರಿ, ವೈನಿ? ಆದೇಶ ಬಂದ್ರ ಈ ಮನಿ ಉಳೀತೈತಿ, ಈ ವಾಯರೂ ಉಳೀತೈತಿ. ಫೋಟೋ ನೋಡಾಕ ‘ತಿದ್ದು’ ಒತ್ತೋದು ಬ್ಯಾಡಾಗುವಂಗ ನಾ ಮಾಡಿಕೊಡ್ತೀನಿ. ನೀವs ಮುಚ್ಚರಿ.”

ಶೇವಂತಾ ಚಹಾದ ಕಪ್ಪು ಬದಿಗಿಟ್ಟು, ಮೌಸ್ ಹಿಡಿದು, ಮುಚ್ಚುವ ಗುರುತು ಒತ್ತಿದಳು. ಪ್ರೋಗ್ರಾಮು ಕೇಳಿತು: ಮಧುಅಣ್ಣಾ, ಹೊರಟ್ಯಾ? ಮುಚ್ಚಲು ಮರೆಯುತ್ತಿದ್ದವನಿಗೆಂದು ಉಜ್ವಲಾ ಹರೆಯದಲ್ಲಿ ಬರೆದಿಟ್ಟ ಚೇಷ್ಟೆ ಅದು. ಕೆಳಗೆ ಎರಡು ಗುಂಡಿ: ‘ಬರ್ತೀನಿ’, ‘ಇನ್ನೂ ಇದ್ದೀನಿ’.

ಶೇವಂತಾ ‘ಇನ್ನೂ ಇದ್ದೀನಿ’ ಒತ್ತಿದಳು. ಮುಖ ಅಲ್ಲೇ ಉಳಿಯಿತು.

“ಅವರs ಒತ್ತಿದ್ರು,” ಎಂದಳು, ತನ್ನ ಬೆರಳನ್ನೇ ನೋಡುತ್ತ.

ಫ್ಯಾನು ತಿರುಗುತ್ತಿತ್ತು. ಶೇವಂತಾ ಕಿಟಕಿ ನೋಡಿದಳು, ಅಡುಗೆಮನೆ ನೋಡಿದಳು, ಮತ್ತೆ ಮುಚ್ಚಲು ಹೋದಳು. ಈ ಸಲ ‘ಬರ್ತೀನಿ’ ಒತ್ತಿದಳು. ಪರದೆ ಕಪ್ಪಾಯಿತು.

ಉಜ್ವಲಾಳ ಫೋನು ರಿಂಗಾಯಿತು. “ಮತ್ತೊಮ್ಮೆ ಬರದು ನೋಡಿದ್ನಿ, ಒಳಗ ಹೋತ್ರಿ ಮ್ಯಾಡಮ್! ಏನ್ ಮಾಡಿದ್ರಿ?” ಹಿಂದುರಾವ್ ಕೂಗುತ್ತಿದ್ದ. ಅವಳು ಫೋನು ಕಟ್ ಮಾಡಿ ಕಣ್ಣೊರೆಸಿಕೊಂಡಳು.

ಶೇವಂತಾ ಹೊಸ ಚಹಾ ಮಾಡಿ ಎರಡು ಕಪ್ ತಂದಳು. ಒಂದನ್ನು ಉಜ್ವಲಾಗೆ ಕೊಟ್ಟಳು. ಇನ್ನೊಂದನ್ನು ಕಪ್ಪು ಪರದೆಯ ಮುಂದಿಟ್ಟು, ಒಬ್ಬರು ಕೂಡುವಷ್ಟು ಕುರ್ಚಿಯನ್ನು ಹಿಂದೆ ಸರಿಸಿದಳು.

“ಬರ್ತೀನಿ ಅಂದಾರ,” ಎಂದಳು.