ಕಡಜಕ್ಕ ಗಡಿ ದಾಟಿದ್ದು

ಟೋಗೊ ಗಡಿಯ ಹತ್ತಿರದ ಕಡಲೂರು ಕೇಟಾದಲ್ಲಿ ಎಸಿನಾಮ್ ಎಂದರೆ ಯಾರೆಂದು ಕೇಳುವವರು ಇರಬಹುದು. ಕಡಜಕ್ಕ ಎಂದರೆ ತಮ್ಮ ತೋಳು ಮುಟ್ಟಿ ನೋಡಿಕೊಳ್ಳದವರು ಇಲ್ಲ. ಹತ್ತೊಂಬತ್ತು ವರ್ಷಗಳಿಂದ ಆಕೆ ಲಸಿಕೆ ಕೊಠಡಿಯ ನರ್ಸು. ಟೋಗೊ, ಬೆನಿನ್ ಕಡೆ ವ್ಯಾಪಾರಕ್ಕೋ ಮದುವೆಗೋ ಹೊರಟವರು, ಊರು ನೋಡಲು ಬಂದ ಬಿಳಿಯರು, ಎಲ್ಲರೂ ಆಕೆಯ ಮುಂದೆ ತೋಳು ಬಿಚ್ಚಿ ಕೂರಬೇಕು. ಹಳದಿ ಜ್ವರದ ಸೂಜಿ ಚುಚ್ಚಿ, ಗಡಿ ದಾಟಲು ಬೇಕಾದ ಹಳದಿ ಕಾರ್ಡಿಗೆ ಮೊಹರು ಗುದ್ದಿ, ಪರದೆಯಿಲ್ಲದೆ ಮಲಗಬೇಡಿ, ಕುದಿಸದ ನೀರು ಕುಡಿಯಬೇಡಿ, ಅಲೆ ಸುಮ್ಮನಿದೆಯೆಂದು ಸಮುದ್ರವನ್ನು ನಂಬಬೇಡಿ ಎಂದು ಒಂದೇ ಉಸಿರಿನಲ್ಲಿ ಶಾಸನ ಹೊರಡಿಸುತ್ತಿದ್ದಳು. ಒಮ್ಮೆ ಪೊಲೀಸನೊಬ್ಬ ಸೂಜಿ ಕಂಡು ಕಿಟಕಿ ಹಾರಿದಾಗ, ಬೆನ್ನಟ್ಟಿ ಹೋಗಿ ತೆಂಗಿನ ಮರದಡಿ ಕೆಡವಿ ಚುಚ್ಚಿ ಬಂದಿದ್ದಳು. ಆ ದಿಗ್ವಿಜಯದ ಮೇಲೆ ಬಂದ ಬಿರುದೇ ಕಡಜಕ್ಕ.

ಇಂಥ ವೀರವನಿತೆಗೆ ಒಂದು ಗುಟ್ಟಿತ್ತು. ಪರರ ತೋಳಿಗೆ ಹೋಗುವಾಗ ಸೂಜಿ ಆಕೆಯ ಖಡ್ಗ. ತನ್ನ ತೋಳಿನತ್ತ ತಿರುಗಿದರೆ ಅದೇ ನಾಗರದ ಹಲ್ಲು. ಕೆಲಸಕ್ಕೆ ಸೇರಿದ ವರ್ಷ ಸಿಬ್ಬಂದಿಯೆಲ್ಲ ಲಸಿಕೆ ಹಾಕಿಸಿಕೊಳ್ಳಬೇಕೆಂದು ಹೇಳಿದಾಗ, ತಾನೇ ಚುಚ್ಚಿಕೊಳ್ಳುತ್ತೇನೆಂದು ಒಳಗಿಂದ ಬಾಗಿಲು ಹಾಕಿಕೊಂಡಳು. ಮದ್ದನ್ನು ಬಚ್ಚಲಿಗೆ ಕುಡಿಸಿದಳು. ಕಾರ್ಡಿನಲ್ಲಿ ತಾರೀಖು ಬರೆದು, ಸಹಿ ಹಾಕಿ, ಮೊಹರು ಒತ್ತಿದಳು. ಹೊರಬಂದು ತೋಳು ಉಜ್ಜಿಕೊಳ್ಳುವುದನ್ನೂ ಮರೆಯಲಿಲ್ಲ.

ಈ ಆಗಸ್ಟಿನಲ್ಲಿ ಗಡಿಯಾಚೆಯ ಲೋಮೆಯಲ್ಲಿ ಆಕೆಯ ಅಕ್ಕನ ಮಗಳ ಮದುವೆ. ಕಡಜಕ್ಕನೂ ಸೇರಿ ಚರ್ಚಿನ ಹಾಡುಗಾರ್ತಿಯರು ಆರು ಮಂದಿ ಒಂದೇ ಥಾನಿನ ನೀಲಿ ಬಟ್ಟೆ ಹೊಲಿಸಿಕೊಂಡು ವ್ಯಾನು ತುಂಬಿ ಹೊರಟರು. ದಂಡನಾಯಕಿ ಕಡಜಕ್ಕನೇ. ಗಡಿಯಲ್ಲಿ ಕಡಜಕ್ಕನನ್ನು ಬಲ್ಲ ಆರೋಗ್ಯ ಸಿಬ್ಬಂದಿ ಕೊಫಿಗಾ ಮೇಜು ಹಾಕಿಕೊಂಡು ಕಾರ್ಡು ಕೇಳುತ್ತಿದ್ದ. ಮೇಳದ ದೊಡ್ಡ ಗಂಟಲು, ಹೊಗೆಮೀನು ಮಾರುವ ಮಾವುಸಿ ಎಂಬಾಕೆ, ಕಾರ್ಡು ಮನೆಯಲ್ಲಿದೆ ಎಂದಳು. ಆಮೇಲೆ ಎಲ್ಲೋ ಬಿದ್ದುಹೋಯಿತು ಎಂದಳು. ಕೊನೆಗೆ ಅದು ಹುಟ್ಟಲೇ ಇಲ್ಲವೆಂದು ಒಪ್ಪಿದಳು. ಕಡಜಕ್ಕನ ಕಣ್ಣು ತಪ್ಪಿಸಿ ಕೇಟಾದಲ್ಲಿ ಬದುಕಿದ ಏಕೈಕ ಜೀವಿ ಅವಳು. ಇಲ್ಲೇ ಚುಚ್ಚಿಸಿಕೊಳ್ಳಿ, ಇಲ್ಲವೇ ಮನೆಗೆ ಹೋಗಿ ಎಂದ ಕೊಫಿಗಾ. ಮಾವುಸಿ ಬೆಂಚು ಅಪ್ಪಿ ಕೂತಳು.

“ದಿನಕ್ಕೆ ನೂರು ಮೀನಿನ ಹೊಟ್ಟೆ ಸೀಳೋಳು, ಒಂದು ಸೂಜಿಗೆ ಹಿಂಗೆ ಬೆವರ್ತೀಯಲ್ಲೇ,” ಎಂದು ಕಡಜಕ್ಕ ಹಂಗಿಸಿದಳು.

“ಮೀನೇನು ಖುಷಿಯಿಂದ ಬಂದು ಸೀಳಿಸ್ಕೊಳ್ತವಾ? ಅಕ್ಕ, ನಿಜ ಹೇಳು. ನಿನಗೆ ಹಾಕಿದಾಗ ನೋವಾಯ್ತಾ? ನಿನ್ನ ಮಾತಿನ ಮೇಲೆ ತೋಳು ಕೊಡ್ತೀನಿ.”

“ಒಂಚೂರೂ ನೋವಾಗ್ಲಿಲ್ಲ.”

ಹತ್ತೊಂಬತ್ತು ವರ್ಷಗಳಲ್ಲಿ ಆ ಕಾರ್ಡಿನ ವಿಷಯದಲ್ಲಿ ಆಕೆ ಆಡಿದ ಒಂದೇ ಒಂದು ಸತ್ಯ ಅದು.

ಮಾವುಸಿ ಕಡಜಕ್ಕನ ಮುಖವನ್ನೇ ನೋಡುತ್ತ ತೋಳು ಕೊಟ್ಟಳು. ಸೂಜಿ ಹೋದಾಗ ಅವಳ ಕಣ್ಣಿಂದ ನೀರು ಇಳಿಯಿತು, ನೋಟ ಕದಲಲಿಲ್ಲ. ಕಡಜಕ್ಕನ ಕಿವಿ ಬಿಸಿಯಾಯಿತು. ತನ್ನ ಕಾರ್ಡನ್ನು ಮುಂದೆ ಚಾಚಿದರೆ ಕೊಫಿಗಾ ತೆರೆದೂ ನೋಡಲಿಲ್ಲ. ಸಿಸ್ಟರ್ ಕಾರ್ಡನ್ನು ಪರೀಕ್ಷೆ ಮಾಡಿದೆನೆಂದು ಗೊತ್ತಾದರೆ ತನ್ನ ತಾಯಿ ಮನೆಗೆ ಸೇರಿಸುವುದಿಲ್ಲ ಎಂದು ಬಲಗೈಯಿಂದ ಗೌರವವಾಗಿ ಹಿಂದಿರುಗಿಸಿದ.

ಗೇಟಿಗೆ ಇಪ್ಪತ್ತೇ ಹೆಜ್ಜೆ. ಅಷ್ಟು ನಡೆದುಬಿಟ್ಟರೆ ಮದುವೆಯೂ ಆಯಿತು, ಹೆಸರೂ ಉಳಿಯಿತು. ಆದರೆ ಮುಂದೆ ಹತ್ತಿ ಒತ್ತಿಕೊಂಡು ಹೋಗುತ್ತಿದ್ದ ಮಾವುಸಿ, ಅಕ್ಕ ತಗೊಂಡಿದ್ದಾಳೆ ಅನ್ನೋ ಧೈರ್ಯಕ್ಕೇ ತಾನೂ ತಗೊಂಡದ್ದು ಎಂದು ಉಳಿದವರಿಗೆ ಸಾರುತ್ತಿದ್ದಳು. ಆ ಹೊಗಳಿಕೆ ಬೆನ್ನಿಗೆ ಬಿದ್ದ ಬಾರುಕೋಲಿನಂತಿತ್ತು. ಕಡಜಕ್ಕನ ಕಾಲುಗಳು ಒಡತಿಯನ್ನು ಕೇಳದೆ ತಿರುಗಿದವು. ಕೇಳಿದ್ದರೆ ಖಂಡಿತ ಬೇಡವೆನ್ನುತ್ತಿದ್ದಳು.

“ಕೊಫಿಗಾ, ಇದನ್ನ ಬರೆದಿದ್ದು ನಾನು. ಚುಚ್ಚಿದ್ದು ಯಾರೂ ಇಲ್ಲ.”

ಅವನು ತಮಾಷೆಯೆಂದು ನಕ್ಕ. ಆಕೆಯ ಮುಖ ನೋಡಿ ನಿಲ್ಲಿಸಿದ. ಬೈದಿದ್ದರೆ ಆಕೆ ಬದುಕಿಕೊಳ್ಳುತ್ತಿದ್ದಳು. ಅವನೋ ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿ ಹತ್ತಿ ಹುಡುಕತೊಡಗಿದ. ಸೂಜಿ ಇನ್ನೂ ಗೇಣುದ್ದ ದೂರವಿರುವಾಗಲೇ ಕೇಟಾದ ಸಿಂಹಿಣಿ ಇಲಿಮರಿಯಂತೆ ಕಿರುಚಿದಳು. ನೀಲಿ ಬಟ್ಟೆಯ ಐವರೂ ತಿರುಗಿ ನೋಡಿದರು. ಯಾರಾದರೂ ನಗಬಾರದೇ ಎಂದು ಆಕೆ ಬೇಡಿಕೊಂಡಳು. ಒಬ್ಬರೂ ನಗಲಿಲ್ಲ. ಕೊಫಿಗಾ ಚುಚ್ಚಿ, ಹತ್ತಿ ಒತ್ತಿ, ಹೊಸ ಕಾರ್ಡು ಬರೆದುಕೊಟ್ಟ.

ಮಾವುಸಿ ಹತ್ತಿರ ಬಂದು ಮೇಜಿನ ಮೇಲಿದ್ದ ಹಳೆಯ ಕಾರ್ಡನ್ನೂ ಹೊಸದನ್ನೂ ನೋಡಿದಳು. ಆ ದೊಡ್ಡ ಗಂಟಲಲ್ಲಿ ಇಷ್ಟು ಸಣ್ಣ ದನಿಯೂ ಇದೆಯೆಂದು ಮೇಳದಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ನನ್ನ ಮೂರು ಮಕ್ಕಳಿಗೂ ನೀನೇ ಅಲ್ವಾ ಅಕ್ಕ ಹಾಕಿದ್ದು. ಅವಕ್ಕೂ ಹಿಂಗೇ ಬರೀ ಬರೆದ್ಯಾ?”

“ಇಲ್ಲ ಮಾವುಸಿ. ಅವಕ್ಕೆ ನಿಜವಾಗ್ಲೂ ಚುಚ್ಚಿದೀನಿ. ಎಲ್ಲರಿಗೂ ಚುಚ್ಚಿದೀನಿ.”

ಸತ್ಯವೇ. ಆದರೆ ಆಡಿದವಳ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಮಾವುಸಿ ತನ್ನ ತೋಳಿನ ಹತ್ತಿ ತೆಗೆದು ನೋಡಿಕೊಂಡಳು.

“ಅವು ಮನೆಗೆ ಬಂದು ರಾತ್ರಿಯೆಲ್ಲ ಅತ್ತಿದ್ವು, ತೋಳು ಊದಿತ್ತು. ಅದು ನನಗೆ ನೆನಪಿದೆ. ಅದಕ್ಕೇ ನಂಬ್ತೀನಿ.”

ಅಷ್ಟು ಹೇಳಿ ಅವಳು ಮುಂದೆ ನಡೆದಳು. ಐವರು ಗೇಟು ದಾಟಿದ ಮೇಲೆ, ನಾಲ್ಕು ಮಾರು ಹಿಂದೆ, ಕಡಜಕ್ಕ ದಾಟಿದಳು.