ಭಾಗ್ಯಳನ್ನೇ ಹುಡುಕಿ ಬರುತ್ತಿದ್ದ ಹದ್ದು

ಭಾಗ್ಯಳಿಗೆ ಹಕ್ಕಿ ಅಂದರೆ ಕಾಗೆ, ಪಾರಿವಾಳ, ಗಿಳಿ. ಉಳಿದದ್ದೆಲ್ಲ ಯಾವುದೋ ಹಕ್ಕಿ. ಚಾಮರಾಜಪೇಟೆಯ ಆ ಮಹಡಿ ಮನೆಗೆ ಬಾಡಿಗೆಗೆ ಬಂದು ಎಷ್ಟೋ ವರ್ಷವಾಗಿದ್ದರೂ, ಪಕ್ಕದ ಸ್ಕೂಲಿನ ಕಾಂಪೌಂಡಿನಲ್ಲಿದ್ದ ಸಿಲ್ವರ್ ಓಕ್ ಮರದ ತುದಿಯಲ್ಲಿ ಏನಿದೆ ಎಂದು ಅವಳು ನೋಡಿದವಳಲ್ಲ. ನೋಡಲು ಪುರುಸೊತ್ತಾದರೂ ಎಲ್ಲಿತ್ತು? ಅಡುಗೆ ಮುಗಿಸಿ, ಬಟ್ಟೆ ಒಣಹಾಕಿ, ಸರ್ಕಾರಿ ಕಚೇರಿಯ ತನ್ನ ಟೇಬಲ್ಲಿನ ಮುಂದೆ ಹೋಗಿ ಕೂತರೆ, ಮನೆಗೆ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು.

ಜನವರಿಯ ಒಂದು ಭಾನುವಾರ ತಾರಸಿಯಲ್ಲಿ ಒದ್ದೆ ಬೆಡ್‌ಶೀಟ್ ಕೊಡವುತ್ತಿದ್ದಾಗ ಯಾರೋ ಹಿಂದಿನಿಂದ ಬಂದು ತಲೆಗೆ ಬಾರಿಸಿದಂತಾಯಿತು. ತಿರುಗಿದರೆ ಯಾರೂ ಇಲ್ಲ. ಕಂದು ಬಣ್ಣದ ಅಗಲ ರೆಕ್ಕೆಯೊಂದು ಮರದ ಕಡೆ ಏರಿಹೋಗುತ್ತಿತ್ತು. ನೆತ್ತಿ ಮುಟ್ಟಿಕೊಂಡಾಗ ಬೆರಳಿಗೆ ರಕ್ತ ಅಂಟಿತು.

ಗಂಡ ಶಶಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವಳನ್ನು ಕರೆದುಕೊಂಡು ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬಂದ. ಕೆಳಗಿನ ಮನೆಯ ಹಂಸಾ ಮೆಟ್ಟಿಲ ಹತ್ತಿರವೇ ಕಾಯುತ್ತಿದ್ದರು. ಮನೆ ಅವರದೇ, ಅವರ ಯಜಮಾನರಿಗೆ ಅವೆನ್ಯೂ ರಸ್ತೆಯಲ್ಲಿ ಸ್ಟೇಷನರಿ ಅಂಗಡಿ.

"ಹದ್ದು ತಲೆಗೆ ಬಡಿದ್ರೆ ಶಾಂತಿ ಮಾಡಿಸ್ಬೇಕು ಅಂತ ನಮ್ಮತ್ತೆ ಹೇಳ್ತಿದ್ರು ಕಣ್ರೀ," ಎಂದರು ಹಂಸಾ.

ಮೇಲೆ ಬಂದ ಮೇಲೆ ಶಶಿ, "ಬುದ್ಧನ ಪಟ ಇಟ್ಕೊಂಡಿರೋ ಮನೇಲಿ ಶಾಂತಿಗೀಂತಿ ಎಲ್ಲಾ ಯಾಕೆ? ಏನೋ ಒಂದ್ಸಲ ಬಡಿದಿದೆ, ಬಿಡು," ಎಂದ.

ಆದರೆ ಅದು ಒಂದು ಸಲಕ್ಕೆ ಬಿಡಲಿಲ್ಲ. ಮರುದಿನ ಬಂತು, ಮೂರನೆಯ ದಿನವೂ ಬಂತು. ಶಶಿ ತಾರಸಿಗೆ ಹೋದರೆ ಹದ್ದು ಕೊಂಬೆ ಬಿಟ್ಟು ಕದಲುತ್ತಿರಲಿಲ್ಲ. ಹಂಸಾ ಹಪ್ಪಳ ಹರವಿ ಗಂಟೆಗಟ್ಟಲೆ ಅಲ್ಲೇ ಕೂತರೂ ಏನೂ ಮಾಡುತ್ತಿರಲಿಲ್ಲ. ಭಾಗ್ಯ ಬಾಗಿಲು ದಾಟಿದಳೋ ಇಲ್ಲವೋ, ಚೀರುತ್ತ ಇಳಿದುಬರುತ್ತಿತ್ತು. ಬಣ್ಣ ನೋಡಿ ಎರಗುತ್ತದೇನೋ ಎಂದು ಭಾಗ್ಯ, ಹಂಸಾ ಇಬ್ಬರೂ ಸ್ವೆಟರ್ ಅದಲುಬದಲು ಮಾಡಿಕೊಂಡು ನೋಡಿದರು. ಹಂಸಾರ ಹಸಿರು ಸ್ವೆಟರಿನಲ್ಲಿದ್ದ ಭಾಗ್ಯಳ ಕಡೆಗೇ ಹದ್ದು ಎರಗಿತು.

ಕಚೇರಿಯಲ್ಲಿ ಪಕ್ಕದ ಟೇಬಲ್ಲಿನ ಈಶ್ವರ್ ಭಾನುವಾರ ಹಕ್ಕಿ ನೋಡಲು ಲಾಲ್‌ಬಾಗಿಗೆ ಹೋಗುವವನು. ಅವನನ್ನು ಕೇಳಿದಳು.

"ಮರಿ ಮಾಡೋ ಕಾಲ ಅಲ್ವಾ ಮೇಡಂ. ಗೂಡಿನ ಹತ್ರ ಯಾರ್ ಹೋದ್ರೂ ಹಾಗೇ."

"ಯಾರ್ ಹೋದ್ರೂ ಅಲ್ಲ ಈಶ್ವರ್, ನಾನ್ ಹೋದ್ರೆ ಮಾತ್ರ."

ಮರುದಿನ ಈಶ್ವರ್ ತನ್ನ ಹಳೆಯ ಕ್ಯಾಮೆರಾ ತಂದುಕೊಟ್ಟ. "ಫೋಟೋ ತೆಗೀರಿ, ನೋಡೋಣ," ಎಂದ.

ತಲೆಗೆ ಶಶಿಯ ಹೆಲ್ಮೆಟ್ ಹಾಕಿಕೊಂಡು ಭಾಗ್ಯ ತಾರಸಿ ಹತ್ತಿದಳು. ಮೊದಮೊದಲು ಸಿಕ್ಕಿದ್ದು ಬರೀ ಆಕಾಶ, ಅರ್ಧ ರೆಕ್ಕೆ, ನೀರಿನ ಟ್ಯಾಂಕು. ಬರಬರುತ್ತ ಕೈ ಪಳಗಿತು. ಹದ್ದು ಒಂದಲ್ಲ, ಎರಡು ಎಂಬುದು ತಿಳಿಯಿತು. ಒಂದರ ಬಾಲದಲ್ಲಿ ಗರಿಯೊಂದು ಮುರಿದಿತ್ತು, ಎರಗುತ್ತಿದ್ದದ್ದು ಅದೇ. ಇನ್ನೊಂದು ವೈರು, ಚಿಂದಿ, ಒಮ್ಮೆ ಯಾರದೋ ಕಾಲುಚೀಲ ತಂದು ಗೂಡಿಗೆ ತುರುಕಿತು. ಮಾರ್ಚಿನಲ್ಲಿ ಹತ್ತಿಯುಂಡೆಯಂಥ ಎರಡು ತಲೆಗಳು ಕಂಡವು. ಅವು ಮಿಸುಕಾಡುವುದನ್ನು ನೋಡುತ್ತ ಭಾಗ್ಯ ಒಲೆಯ ಮೇಲಿಟ್ಟ ಹಾಲನ್ನು ಮರೆತಳು. ತನ್ನನ್ನು ಕಂಡರಾಗದ ಹಕ್ಕಿಯ ಮರಿಗಳ ಮೇಲೆ ತನಗೇಕೆ ಇಷ್ಟು ಅಕ್ಕರೆ ಎಂಬುದು ಅವಳಿಗೇ ಅರ್ಥವಾಗಲಿಲ್ಲ.

ಮರಿಗಳು ಹಾರಿಹೋದವು. ಮಳೆ ಹಿಡಿದ ಮೇಲೆ ಹದ್ದುಗಳೂ ಕಾಣಲಿಲ್ಲ. ಭಾಗ್ಯ ಈಶ್ವರನ ಗುಂಪಿನ ಜೊತೆ ಲಾಲ್‌ಬಾಗಿಗೆ ಹೋಗಲು ಶುರುಮಾಡಿದಳು.

ಮುಂದಿನ ಜನವರಿಯಲ್ಲಿ ಅದೇ ಮರದಲ್ಲಿ ಮತ್ತೆ ಗೂಡು ಎದ್ದಿತು. ಭಾಗ್ಯ ಹೆಲ್ಮೆಟ್ ಹಾಕಿಕೊಂಡು ತಾರಸಿಗೆ ಹೋಗಿ ನಿಂತಳು. ಏನೂ ಬರಲಿಲ್ಲ. ಹೆಲ್ಮೆಟ್ ತೆಗೆದಳು. ಕೊಂಬೆಯ ಮೇಲಿದ್ದ ಹದ್ದು ಕುತ್ತಿಗೆ ಹೊರಳಿಸಿ ಅವಳನ್ನೊಮ್ಮೆ ನೋಡಿ, ಬೇರೆ ಕಡೆ ತಿರುಗಿತು. ಅವಳು ನೆಮ್ಮದಿಯಿಂದ ಬಟ್ಟೆ ಒಣಹಾಕಬೇಕಿತ್ತು. ಬದಲಿಗೆ, ಪರಿಚಯದವರು ರಸ್ತೆಯಲ್ಲಿ ಮಾತಾಡಿಸದೆ ಹೋದಂತೆ ಮನಸ್ಸು ಮುದುಡಿತು.

ಅದೇ ವಾರ ಹಂಸಾ ಚೀರಿಕೊಂಡದ್ದು ಕೇಳಿ ಭಾಗ್ಯ ಮೇಲಕ್ಕೆ ಓಡಿದಳು. ಹಂಸಾ ಹಪ್ಪಳದ ನಡುವೆ ಕುಕ್ಕರಿಸಿದ್ದರು, ಸೆರಗು ತಲೆಯ ಮೇಲಿತ್ತು. ಹದ್ದು ಎರಡನೆಯ ಸಲ ಇಳಿಯುತ್ತಿತ್ತು, ಭಾಗ್ಯಳ ಪಕ್ಕದಲ್ಲೇ ಹಾದು.

"ನಾನೇನ್ ಮಾಡಿದೀನ್ರೀ ಅದಕ್ಕೆ? ಹೋದ ವರ್ಷ ಎಲ್ಲಾ ಸುಮ್ನಿತ್ತಲ್ಲ," ಎಂದರು ಹಂಸಾ.

"ಗೊತ್ತಿಲ್ಲ ಹಂಸಾ ಅವ್ರೆ. ನನಗೂ ಗೊತ್ತಾಗ್ಲಿಲ್ಲ," ಎಂದು ಭಾಗ್ಯ ಅವರನ್ನು ಕೈಹಿಡಿದು ಕೆಳಗೆ ಕರೆತಂದಳು.

ಈಶ್ವರನಿಗೆ ಎರಡೂ ವರ್ಷದ ಫೋಟೋ ತೋರಿಸಿದಳು. ಈ ಸಲದ ಎರಡು ಹದ್ದುಗಳ ಬಾಲವೂ ನೆಟ್ಟಗಿತ್ತು.

"ಹಕ್ಕಿ ಗರಿ ಉದುರಿ ಹೊಸದು ಬರುತ್ತೆ ಮೇಡಂ. ಅದೇ ಜೋಡಿ ಇರ್ಬಹುದು, ಬೇರೇದೂ ಇರ್ಬಹುದು."

"ಅದೇ ಆದ್ರೆ ನನ್ನನ್ಯಾಕೆ ಬಿಟ್ಟಿತು? ಬೇರೇದಾದ್ರೆ ಹಂಸಾನೇ ಯಾಕೆ ಬೇಕಾಯ್ತು?"

ಈಶ್ವರ್ ಫೋಟೋ ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದ. "ಕಾಫಿಗೆ ಹೋಗೋಣ ಬನ್ನಿ," ಎಂದ.

ಭಾಗ್ಯ ಈಗಲೂ ಭಾನುವಾರ ಲಾಲ್‌ಬಾಗಿಗೆ ಹೋಗುತ್ತಾಳೆ. ಈ ಹುಚ್ಚು ಹೇಗೆ ಹತ್ತಿತು ಎಂದು ಹೊಸಬರು ಕೇಳಿದರೆ ಮೊದಲ ವರ್ಷದ್ದನ್ನು ಸರಾಗವಾಗಿ ಹೇಳುತ್ತಾಳೆ. ಎರಡನೆಯ ವರ್ಷಕ್ಕೆ ಬಂದಾಗ ಮಾತು ತಡವರಿಸುತ್ತದೆ. ಕೇಳುವವರು ನಗುತ್ತಾರೆ, ತಾನೂ ನಗಬೇಕೋ ಬೇಡವೋ ತಿಳಿಯದೆ ಅವಳು ಕ್ಯಾಮೆರಾದ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಾಳೆ.