ನಿರ್ಮಲಕ್ಕನ ಮೊದಲ ಸಿನಿಮಾ ಮತ್ತು ಉಡಚಪ್ಪನವರ ದನಿ

ರಾಣೆಬೆನ್ನೂರಿನ ನಿರ್ಮಲಕ್ಕ ನಾಲ್ಕು ಸಿನಿಮಾ ಮಾಡಿದ್ದಾರೆ. ಯಾವುದೂ ಟಾಕೀಸಿಗೆ ಬರಲಿಲ್ಲ, ಸಿ.ಡಿ.ಗಳಾಗಿ ಹಾವೇರಿ, ಬ್ಯಾಡಗಿಯ ಅಂಗಡಿಗಳಲ್ಲಿ ಮಾರಾಟವಾದವು. ಮೊದಲನೆಯದು ಎರಡು ಸಾವಿರದ ನಾಲ್ಕರದು ಎಂದು ಅವರು ಹೇಳುತ್ತಾರೆ. ಡಬ್ಬಿಯ ಮೇಲೆ ಐದು ಎಂದಿದೆ.

ಅವರದು ನಾಟಕ ಕಂಪನಿಯ ಮನೆತನ. ತಂದೆ ವಿರೂಪಾಕ್ಷಪ್ಪ ಕಂಪನಿಯ ಮಾಲೀಕರು, ನಾಯಕ ನಟರು. ಜನ ಟಿ.ವಿ. ಮುಂದೆ ಕೂರತೊಡಗಿದ ಮೇಲೆ ಕಂಪನಿ ನಿಂತಿತು.

"ಅವ್ರು ಬರಂಗಿಲ್ಲಂದ್ರ ನಾವ ಅವರ ಮನೀಗೆ ಹೋಗೂಣು," ಎಂದು ನಿರ್ಮಲಕ್ಕ ಹುಬ್ಬಳ್ಳಿಯಿಂದ ಎಂಟು ದಿನದ ಮಟ್ಟಿಗೆ ಕ್ಯಾಮೆರಾ ತರಿಸಿದರು. ನಟರೆಲ್ಲ ಕಂಪನಿಯವರೇ ಆಗಬೇಕು ಎಂಬುದು ಅವರ ಹಟ.

ಮೊದಲ ದಿನ ಮೋಟೆಬೆನ್ನೂರಿನಲ್ಲಿ ತೆಗೆದದ್ದನ್ನು ಸಂಜೆ ಹಾಕಿ ನೋಡಿದರೆ ಪ್ರತಿ ಮಾತೂ ಎರಡು ಸಲ ಕೇಳುತ್ತಿತ್ತು. ಮೊದಲು ಪಿಸುದನಿಯಲ್ಲಿ, ಆಮೇಲೆ ವಿರೂಪಾಕ್ಷಪ್ಪನವರ ಗುಡುಗಿನಲ್ಲಿ.

"ಯಾರ್ರೀ ಅದು ನಡುವ?" ಎಂದ ಕ್ಯಾಮೆರಾದ ನಯಾಜ.

"ನಾನ್ರಿ," ಎಂದರು ಉಡಚಪ್ಪ.

ಮೂವತ್ತು ವರ್ಷ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ಹೇಳಿಕೊಟ್ಟವರು ಅವರು. ಅಂದೂ ಬಾಗಿಲ ಹಿಂದೆ ನಿಂತಿದ್ದರು. ಕಂಪನಿಯವರಿಗೆ ಆ ದನಿ ಎಷ್ಟು ರೂಢಿಯೆಂದರೆ, ಅದು ಮೈಕಿಗೆ ಕೇಳೀತೆಂದು ಒಬ್ಬರಿಗೂ ಹೊಳೆದಿರಲಿಲ್ಲ.

ಮರುದಿನ ಅವರನ್ನು ದೂರ ಕೂರಿಸಿದರು. ವಿರೂಪಾಕ್ಷಪ್ಪ ಎರಡು ಮಾತಾಡಿ, ಮುಂದಿನದು ನೆನಪಾಗದೆ ನಿಂತುಬಿಟ್ಟರು. ಹನ್ನೊಂದು ಸಲ ಹಾಗೇ ಆಯಿತು.

"ಅಕ್ಕಾ, ಹುಬ್ಬಳ್ಳಿಯಿಂದ ಬ್ಯಾರೆ ಹೀರೋನ್ನ ಕರಸ್ರಿ," ಎಂದ ನಯಾಜ.

"ಯಾಕ? ಪೂರಾ ಮಾತು ಬಾಯಿಪಾಠ ಇದ್ದವ್ರು ಇಲ್ಲೇ ಕುಂತಾರ."

ಉಡಚಪ್ಪ ಗಾಬರಿಯಾದರು. "ಯವ್ವಾ, ನನ್ನ ದನಿ ಏಳಂಗಿಲ್ಲ."

"ಏಳೂದು ಬ್ಯಾಡ ಕಾಕಾ. ಮೈಕು ಬಾಯಿ ಮುಂದ ಐತಿ."

ತಂದೆಗೂ ನಿರ್ಮಲಕ್ಕನೇ ಹೇಳಿದರು. "ಅಪ್ಪಾ, ಈ ಪಾತ್ರ ಕಾಕಾಗ ಬಿಡ್ರಿ. ನೀವು ಗೌಡನ ಪಾತ್ರ ಮಾಡ್ರಿ. ಒಂದ ದೃಶ್ಯ, ಬರೇ ಒದರೂದು."

"ಪರದೆ ಹಿಂದಿನವ್ನ ಮುಂದ ತಂದಿ. ಮುಂದಿನವ್ನ ಎಲ್ಲಿ ಇಡಾಕಿ? ಅಟ್ಟದ ಮ್ಯಾಲೇನು?" ಎಂದು ವಿರೂಪಾಕ್ಷಪ್ಪ ಬಣ್ಣ ಒರೆಸಿಕೊಂಡು ಬಸ್ಸು ಹತ್ತಿದರು.

ನಿರ್ಮಲಕ್ಕ ಬಸ್ಸು ಮರೆಯಾಗುವತನಕ ನೋಡಿದರು. ಆಮೇಲೆ ಉಡಚಪ್ಪನವರ ಮುಖಕ್ಕೆ ತಾವೇ ಬಣ್ಣ ಹಚ್ಚಿದರು. ಐದು ದಿನಗಳಲ್ಲಿ ಗೌಡನ ದೃಶ್ಯವೊಂದನ್ನು ಬಿಟ್ಟು ಎಲ್ಲವೂ ಮುಗಿಯಿತು. ತಂದೆ ಬರಲಿಲ್ಲ. ಎಂಟನೆಯ ದಿನ ನಿರ್ಮಲಕ್ಕ ಕ್ಯಾಮೆರಾವನ್ನೇ ರಾಣೆಬೆನ್ನೂರಿನ ಮನೆಗೆ ಒಯ್ದರು.

"ಯಾರನ್ನ ಕೇಳಿ ಹೊಸ್ತಿಲಾ ದಾಟಿದ್ರಿ? ನಡೀರಿ ಹೊರಗ!" ಎಂದು ವಿರೂಪಾಕ್ಷಪ್ಪ ಗುಡುಗಿದರು.

"ಇದು ಬರದದ್ದರಾಗ ಐತೇನ್ರಿ ಅಕ್ಕಾ?" ಕ್ಯಾಮೆರಾದಿಂದ ಕಣ್ಣು ತೆಗೆಯದೆ ನಯಾಜ ಕೇಳಿದ.

"ಇಲ್ಲ. ಆದ್ರ ಬಿಡಬ್ಯಾಡ, ಹಿಡಿ."

ವಿರೂಪಾಕ್ಷಪ್ಪ ಮಗಳನ್ನೂ ಕ್ಯಾಮೆರಾವನ್ನೂ ನೋಡಿದರು.

"ಅದರಾಗ ಬಿತ್ತೇನು?"

"ಬಿತ್ತರಿ ಅಪ್ಪಾ."

"ತಲಿಮ್ಯಾಲೆ ರುಮಾಲಿಲ್ಲದ ಎಂಥಾ ಗೌಡ? ತಡಿ, ಸುತ್ತಿಕೊಂಡು ಬರ್ತೇನಿ."